ಅಂತಾರಾಷ್ಟ್ರೀಯ ಶಾಲೆಯೂ ಪ್ರಸಾದ ನಿಲಯದ ಪಂಕ್ತಿಯೂ

‘ಇಂಟರ್‌ನ್ಯಾಷನಲ್ ಸ್ಕೂಲ್’ ಎಂಬ ಹೆಸರು ಹುಬ್ಬಳ್ಳಿ-ಧಾರವಾಡ ಅವಳಿನಗರಗಳ ಜನರಿಗೆ ಈಗ ಅಪರಿಚಿತವಾದುದಲ್ಲ. ಎರಡು ಊರುಗಳ ನಡುವಣ ಸುಮಾರು 20 ಕಿಲೋಮೀಟರಿನ ದಾರಿಯಲ್ಲಿ ಹೊಸ ಬಡಾವಣೆಗಳು ಎದ್ದಂತೆ ಹೊಸ ಶಾಲೆಗಳೂ ಎದ್ದಿವೆ. ಅವುಗಳಲ್ಲಿ ಕೆಲವು ಈ ಹೆಸರಿನಿಂದಲೇ ಗುರುತಿಸಿಕೊಂಡಿವೆ. ಮಠಮಾನ್ಯಗಳು ನಡೆಸುವ ವಿದ್ಯಾಸಂಸ್ಥೆಗಳ ಆಡಳಿತ ಮಂಡಳಿಗಳಲ್ಲಿಯೂ ಇಂಥದೊಂದು ಶಾಲೆ ಬೇಕೆಂಬ ಮಾತು ಆಗಾಗ ಕೇಳಿಬರುತ್ತದೆ. ಇಂಥ ಶಾಲೆಗಳ ಪರಿಚಯ ಪತ್ರಿಕೆಗಳನ್ನು ತೆರೆದು ನೋಡಿದರೆ ಎರಡು ಶಬ್ದಗಳು ತಪ್ಪದೆ ಕಣ್ಣಿಗೆ ಬೀಳುತ್ತವೆ: ಒಂದು ‘ಸಮುದಾಯ’, ಇನ್ನೊಂದು ‘ಮೌಲ್ಯ’. ಇವು ಅಲ್ಲಿಗೆ ಹೇಗೆ ಬಂದವು, ಅವುಗಳ ನಿಜವಾದ ಅರ್ಥವೇನು, ಮಠದ ಶಾಲೆಗಳು ಇವುಗಳನ್ನು ಹೊಸದಾಗಿ ಹೊರಗಿನಿಂದ ತರಬೇಕಾಗಿದೆಯೋ ಅಥವಾ ತಮ್ಮಲ್ಲಿಯೇ ಇದ್ದುದನ್ನು ಮರೆತಿವೆಯೋ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶವಾಗಿದೆ.

ಮೊದಲು ಶಬ್ದದ ವಿಚಾರ. ‘ಅಂತರ್’ ಎಂಬ ಅವ್ಯಯದ ಮುಂದೆ ‘ರಾಷ್ಟ್ರೀಯ’ ಶಬ್ದ ಬಂದಾಗ ರೇಫದ ಎದುರಿನಲ್ಲಿ ರೇಫ ನಿಲ್ಲಲಾರದೆ ಮೊದಲನೆಯದು ಲೋಪವಾಗಿ, ಹಿಂದಿನ ಸ್ವರ ದೀರ್ಘವಾಗುತ್ತದೆ. ಆದುದರಿಂದ ‘ಅಂತಾರಾಷ್ಟ್ರೀಯ’ ಎಂಬುದೇ ಸಾಧುರೂಪ. ಪತ್ರಿಕೆಗಳಲ್ಲಿ ‘ಅಂತರರಾಷ್ಟ್ರೀಯ’ ಎಂದೂ ರೂಢಿಯಾಗಿದೆ. ಫಲಕ ಬರೆಯಿಸುವವರು ‘ಇಂಟರ್‌ನ್ಯಾಷನಲ್’ ಎಂದೇ ಬರೆಯಿಸಿ ಈ ತೊಡಕಿನಿಂದ ಪಾರಾಗಿದ್ದಾರೆ; ಅವರ ಜಾಣತನವನ್ನು ವೈಯಾಕರಣರು ಮೆಚ್ಚಲೇಬೇಕು! ಇರಲಿ. ಸಂಸ್ಕೃತದಲ್ಲಿ ‘ಅಂತರ್’ ಎಂಬುದಕ್ಕೆ ‘ನಡುವೆ’ ಎಂಬ ಅರ್ಥವೂ ಉಂಟು, ‘ಒಳಗೆ’ ಎಂಬ ಅರ್ಥವೂ ಉಂಟು. ರಾಷ್ಟ್ರಗಳ ನಡುವೆ ಬಾಳುವವರ ಶಾಲೆ ಒಂದು ಬಗೆಯದು. ರಾಷ್ಟ್ರದ ಒಳಗೆ ಬಾಳುವವರ ಶಾಲೆ ಇನ್ನೊಂದು ಬಗೆಯದು. ಹೆಸರು ಒಂದೇ ಆದ ಮಾತ್ರಕ್ಕೆ ಹುಟ್ಟಿನ ಕಾರಣ ಒಂದೇ ಆಗುವುದಿಲ್ಲ.

ಮೂಲದ ಅಂತಾರಾಷ್ಟ್ರೀಯ ಶಾಲೆ ಹುಟ್ಟಿದ ಸಂದರ್ಭವನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. 1914ರಿಂದ 1918ರವರೆಗಿನ ಮಹಾಯುದ್ಧದಲ್ಲಿ ಯುರೋಪು ಬೆಂದು ಬಸವಳಿದ ತರುವಾಯ ಸ್ವಿಟ್ಜರ್ಲೆಂಡಿನ ಜಿನೇವಾ ನಗರದಲ್ಲಿ ರಾಷ್ಟ್ರಸಂಘವೂ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ನೆಲೆಗೊಂಡವು. ಅವುಗಳಲ್ಲಿ ಕೆಲಸ ಮಾಡಲು ನಾನಾ ದೇಶಗಳಿಂದ ಬಂದ ಅಧಿಕಾರಿಗಳ ಮಕ್ಕಳಿಗಾಗಿ 1924ರಲ್ಲಿ ಅಲ್ಲಿ ಅಂತಾರಾಷ್ಟ್ರೀಯ ಶಾಲೆಯೊಂದು ಆರಂಭವಾಯಿತು. ಅದೇ ವರ್ಷ ಜಪಾನಿನ ಯೊಕೊಹಾಮದಲ್ಲಿಯೂ ಅಂಥದೇ ಶಾಲೆ ತೆರೆಯಿತು. ಈ ಮಕ್ಕಳಿಗೆ ಒಂದು ಭಾಷೆ ಇರಲಿಲ್ಲ, ಒಂದು ಧರ್ಮವಿರಲಿಲ್ಲ, ಒಂದು ಊರಿರಲಿಲ್ಲ. ನಿನ್ನೆ ಮೊನ್ನೆ ಪರಸ್ಪರ ಯುದ್ಧ ಮಾಡಿದ ದೇಶಗಳವರ ಮಕ್ಕಳು ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳಬೇಕಾಗಿತ್ತು. ಹುಟ್ಟಿನಿಂದ ದೊರೆತ ಸಮುದಾಯ ಅಲ್ಲಿ ಇಲ್ಲವೇ ಇಲ್ಲವಾದುದರಿಂದ ಅದನ್ನು ಶಾಲೆಯೇ ಕಟ್ಟಬೇಕಾಯಿತು. ಮನೆಯ ಹಿರಿಯರಿಂದ, ಊರಿನ ಗುಡಿಯಿಂದ, ಹಬ್ಬ ಹರಿದಿನಗಳಿಂದ ತಾವಾಗಿ ಬರುವ ನಡೆನುಡಿಗಳು ಅಲ್ಲಿ ಸಾಮಾನ್ಯವಾಗಿರಲಿಲ್ಲವಾದುದರಿಂದ ಅವುಗಳನ್ನು ಬಾಯಿಬಿಟ್ಟು ಹೇಳಬೇಕಾಯಿತು, ಕಾಗದದ ಮೇಲೆ ಬರೆಯಬೇಕಾಯಿತು. ಸಮುದಾಯ, ಮೌಲ್ಯ ಎಂಬ ಶಬ್ದಗಳಿಗೆ ಆ ಶಾಲೆಗಳಲ್ಲಿ ಅಷ್ಟು ಪ್ರಾಧಾನ್ಯ ದೊರೆತುದಕ್ಕೆ ಇದೇ ಕಾರಣ. ಅವು ಶೋಭೆಗಾಗಿ ಬಂದ ಶಬ್ದಗಳಲ್ಲ, ಕೊರತೆಯಿಂದ ಹುಟ್ಟಿದ ಶಬ್ದಗಳು.

ಇದೇ ಪರಂಪರೆಗೆ ಸೇರಿದ ಇನ್ನೊಬ್ಬ ಮಹನೀಯರನ್ನು ಇಲ್ಲಿ ಸ್ಮರಿಸಬೇಕು. ಜರ್ಮನಿಯ ಶಿಕ್ಷಣತಜ್ಞ ಕುರ್ಟ್ ಹಾನ್ ಅವರು ಹಿಟ್ಲರನ ದುರಾಡಳಿತವನ್ನು ಪ್ರತಿಭಟಿಸಿ 1933ರಲ್ಲಿ ಸೆರೆಮನೆ ಸೇರಿ, ಬಿಡುಗಡೆಯಾದ ಮೇಲೆ ಬ್ರಿಟನ್ನಿಗೆ ಬಂದು, 1934ರಲ್ಲಿ ಸ್ಕಾಟ್ಲೆಂಡಿನಲ್ಲಿ ಶಾಲೆಯೊಂದನ್ನು ಕಟ್ಟಿದರು. ಅವರ ವಿಚಾರಗಳ ಫಲವಾಗಿ 1962ರಲ್ಲಿ ವೇಲ್ಸಿನ ಸಮುದ್ರತೀರದ ಹಳೆಯ ಕೋಟೆಯೊಂದರಲ್ಲಿ ಅಟ್ಲಾಂಟಿಕ್ ಕಾಲೇಜು ಆರಂಭವಾಯಿತು. ನಾನಾ ದೇಶಗಳ ಹದಿಹರೆಯದ ವಿದ್ಯಾರ್ಥಿಗಳು ಅಲ್ಲಿ ಓದುವುದರ ಜೊತೆಗೆ ಸಮುದ್ರದಲ್ಲಿ ಅಪಾಯಕ್ಕೆ ಸಿಲುಕಿದವರನ್ನು ಕಾಪಾಡುವ ಕೆಲಸವನ್ನೂ ಕಲಿಯುತ್ತಿದ್ದರು. ಕಾಲೇಜಿನ ಆವರಣದಲ್ಲಿಯೇ 1963ರಿಂದ 2013ರವರೆಗೆ ರಕ್ಷಣಾ ದೋಣಿಯ ಠಾಣೆಯೊಂದು ಇತ್ತು; ವಿದ್ಯಾರ್ಥಿಗಳೇ ದೋಣಿಯನ್ನೇರಿ ಹೋಗುತ್ತಿದ್ದರು. ಗಟ್ಟಿಯಾದ ತಳಕ್ಕೆ ಗಾಳಿ ತುಂಬಿದ ಅಂಚನ್ನು ಕೂಡಿಸಿದ, ಇಂದು ಜಗತ್ತಿನಾದ್ಯಂತ ಬಳಕೆಯಲ್ಲಿರುವ ರಕ್ಷಣಾ ದೋಣಿ ರೂಪುಗೊಂಡುದು ಈ ಕಾಲೇಜಿನ ದಂಡೆಯಲ್ಲಿಯೇ. ‘ಪರೋಪಕಾರ’ ಎಂಬ ಶಬ್ದವನ್ನು ಗೋಡೆಯ ಮೇಲೆ ಬರೆಯುವುದಕ್ಕೂ, ಚಳಿಗಾಲದ ಕಡಲಿಗೆ ಮಕ್ಕಳು ದೋಣಿ ಇಳಿಸುವುದಕ್ಕೂ ಇರುವ ಅಂತರವನ್ನು ಬಿಡಿಸಿ ಹೇಳಬೇಕಾದುದಿಲ್ಲ.

1968ರಲ್ಲಿ ಜಿನೇವಾದಲ್ಲಿಯೇ ‘ಇಂಟರ್‌ನ್ಯಾಷನಲ್ ಬ್ಯಾಕಲೊರಿಯೇಟ್’ ಎಂಬ ಪರೀಕ್ಷಾ ವ್ಯವಸ್ಥೆ ಸ್ಥಾಪಿತವಾಯಿತು. ದೇಶದಿಂದ ದೇಶಕ್ಕೆ ವರ್ಗವಾಗುವ ಪಾಲಕರ ಮಕ್ಕಳು ಎಲ್ಲಿ ಓದಿದರೂ ಯಾವ ದೇಶದ ವಿಶ್ವವಿದ್ಯಾಲಯವನ್ನಾದರೂ ಸೇರಲು ಅನುಕೂಲವಾಗಲೆಂಬುದು ಅದರ ಉದ್ದೇಶ. ವಿದ್ಯಾರ್ಥಿಯಲ್ಲಿ ಮೂಡಬೇಕಾದ ಹತ್ತು ಗುಣಗಳನ್ನು ಅದು ಗೊತ್ತುಪಡಿಸಿದೆ. ಜಿಜ್ಞಾಸೆ, ನೀತಿನಿಷ್ಠೆ, ಪರರ ಬಗೆಗೆ ಕಾಳಜಿ, ತೆರೆದ ಮನಸ್ಸು, ಆತ್ಮಪರೀಕ್ಷೆ ಮೊದಲಾದವು ಅವು. ಪರೀಕ್ಷೆಯ ಅಂಕಗಳಷ್ಟೇ ಸಾಲವು, ಸೃಜನಕಾರ್ಯ, ದೇಹಶ್ರಮ, ಸೇವೆ ಈ ಮೂರನ್ನೂ ಪೂರೈಸದೆ ಡಿಪ್ಲೊಮಾ ದೊರೆಯದು ಎಂಬುದು ಅಲ್ಲಿಯ ನಿಯಮ. ಆದರೆ ಈ ವ್ಯವಸ್ಥೆಗೂ ನಮ್ಮಲ್ಲಿ ಎದ್ದಿರುವ ಎಷ್ಟೋ ಫಲಕಗಳಿಗೂ ಯಾವ ಸಂಬಂಧವೂ ಇಲ್ಲವೆಂಬುದನ್ನು ಪಾಲಕರು ತಿಳಿದಿರಬೇಕು. ಕೇಂದ್ರ ಮಂಡಳಿಯ ಪಠ್ಯವನ್ನೋ ರಾಜ್ಯದ ಪಠ್ಯವನ್ನೋ ಬೋಧಿಸುತ್ತ, ಅದೇ ಊರಿನ, ಅದೇ ವರಮಾನದ ಮನೆಗಳ ಮಕ್ಕಳನ್ನು ಸೇರಿಸಿಕೊಳ್ಳುತ್ತ, ಹೆಸರಿನಲ್ಲಿ ಮಾತ್ರ ಜಗತ್ತನ್ನು ಹೊತ್ತಿರುವ ಶಾಲೆಗಳೂ ಉಂಟು.

ಇಲ್ಲಿ ‘ಮೌಲ್ಯ’ ಶಬ್ದವನ್ನು ಸ್ವಲ್ಪ ಬಿಡಿಸಿ ನೋಡುವುದು ಒಳ್ಳೆಯದು. ಅದು ‘ಮೂಲ್ಯ’ದ ರೂಪಾಂತರ; ಮೂಲ್ಯವೆಂದರೆ ಬೆಲೆ. ಪಾಣಿನಿಯು ಈ ಶಬ್ದವನ್ನು ‘ಮೂಲ’ದಿಂದ ಸಾಧಿಸುತ್ತಾನೆ. ಅಲ್ಲಿ ಮೂಲವೆಂದರೆ ಬೇರು ಮಾತ್ರವಲ್ಲ, ವ್ಯಾಪಾರಕ್ಕೆ ಹೂಡಿದ ಬಂಡವಾಳವೂ ಹೌದು. ಹೂಡಿದ ಮೂಲಕ್ಕೆ ಸಮನಾದುದು ಮೂಲ್ಯ. ಎಂದ ಮೇಲೆ ಏನನ್ನೂ ಹೂಡದವನಿಗೆ ಮೌಲ್ಯವೂ ಇಲ್ಲ. ಬೆಲೆ ತೆರದೆ ದೊರೆತ ಸದ್ಗುಣವನ್ನು ಸುಭಾಷಿತವೆನ್ನಬಹುದೇ ಹೊರತು ಮೌಲ್ಯವೆನ್ನಲಾಗದು. ‘ಸಮುದಾಯ’ವೂ ಇಂಥದೇ ಅರ್ಥವತ್ತಾದ ಶಬ್ದ: ಸಮ್, ಉತ್ ಎಂಬ ಎರಡು ಉಪಸರ್ಗಗಳು ಗತ್ಯರ್ಥಕ ಧಾತುವಿಗೆ ಸೇರಿ ಒಡಗೂಡಿ ಮೇಲೇಳುವುದು ಎಂಬ ಭಾವವನ್ನು ಕೊಡುತ್ತವೆ. ಬರಿಯ ಗುಂಪು ಸಮುದಾಯವಲ್ಲ. ಕೆಲವರು ಮೇಲೆದ್ದು ಕೆಲವರು ಕೆಳಗುಳಿದರೆ ಅದೂ ಸಮುದಾಯವಲ್ಲ.

ಈ ಎರಡು ಅರ್ಥಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಧಾರವಾಡದ ಕಡೆಗೆ ತಿರುಗೋಣ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಈ ಭಾಗದ ಲಿಂಗಾಯತ ಸಮಾಜವು ಒಕ್ಕಲುತನ ವ್ಯಾಪಾರಗಳಲ್ಲಿ ಮುಂದಿದ್ದರೂ ಇಂಗ್ಲಿಷ್ ವಿದ್ಯೆಯಲ್ಲಿ ಬಹಳ ಹಿಂದುಳಿದಿತ್ತು. ಇದನ್ನು ಕಂಡು ಮನನೊಂದ ರಾವಬಹಾದ್ದೂರ ಅರಟಾಳ ರುದ್ರಗೌಡರು, ಗಿಲಗಂಚಿ ಗುರುಸಿದ್ದಪ್ಪನವರು ಮೊದಲಾದ ಹಿರಿಯರು 1883ರಲ್ಲಿ ಧಾರವಾಡದಲ್ಲಿ ಲಿಂಗಾಯತ ವಿದ್ಯಾಭಿವೃದ್ಧಿ ಸಂಸ್ಥೆಯನ್ನು ಸ್ಥಾಪಿಸಿ ಬಡ ವಿದ್ಯಾರ್ಥಿಗಳ ನೆರವಿಗೆ ನಿಧಿ ಕೂಡಿಸಿದರು. ಹಾನಗಲ್ಲ ಶ್ರೀ ಕುಮಾರ ಶಿವಯೋಗಿಗಳವರ ಪ್ರೇರಣೆಯಿಂದ 1904ರಲ್ಲಿ ವೀರಶೈವ ಮಹಾಸಭೆಯ ಪ್ರಥಮ ಅಧಿವೇಶನ ನಡೆದುದೂ ಈ ಊರಿನಲ್ಲಿಯೇ. 1916ರಲ್ಲಿ ಏಳು ಜನ ವಿದ್ಯಾವಂತರು ಕೂಡಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಎಜ್ಯುಕೇಶನ್ ಸೊಸೈಟಿಯನ್ನು ಕಟ್ಟಿದಾಗ ತಮ್ಮ ಮೊದಲ ಶಾಲೆಗೆ ಇಟ್ಟ ಹೆಸರು ತಮ್ಮದಲ್ಲ; ಗಿಲಗಂಚಿ ಮತ್ತು ಅರಟಾಳರ ಹೆಸರನ್ನು ಕೂಡಿಸಿ ಇಟ್ಟರು. ಇಂದಿಗೂ ಆ ಶಾಲೆ ಜಿ. ಎ. ಹೈಸ್ಕೂಲ್ ಎಂದೇ ಪ್ರಸಿದ್ಧವಾಗಿದೆ.

1917ರಲ್ಲಿ ಧಾರವಾಡದಲ್ಲಿ ಕರ್ನಾಟಕ ಕಾಲೇಜು ತೆರೆಯಿತು. ಅಲ್ಲಿಯವರೆಗೆ ಪದವಿ ಶಿಕ್ಷಣಕ್ಕಾಗಿ ಪುಣೆ ಮುಂಬಯಿಗಳಿಗೆ ಹೋಗಬೇಕಾಗಿದ್ದ ಕನ್ನಡ ಜಿಲ್ಲೆಗಳ ತರುಣರಿಗೆ ಇದೊಂದು ಭಾಗ್ಯದ ಬಾಗಿಲೇ ಸರಿ. ಆದರೆ ಹಳ್ಳಿಯಿಂದ ಬಂದ ಹುಡುಗ ಉಣ್ಣುವುದೆಲ್ಲಿ, ಮಲಗುವುದೆಲ್ಲಿ? ವಾರದ ಏಳು ದಿನ ಏಳು ಮನೆಗಳಲ್ಲಿ ಉಂಡು ಓದುವ ವಾರಾನ್ನದ ಪದ್ಧತಿ ಆಗ ಪ್ರಚಲಿತವಾಗಿತ್ತು. ಒಂದು ಮನೆಯಲ್ಲಿ ಹಬ್ಬದ ಅಡಿಗೆ, ಇನ್ನೊಂದು ಮನೆಯಲ್ಲಿ ತಂಗಳು. ಒಂದು ಮನೆಯಲ್ಲಿ ಆದರ, ಇನ್ನೊಂದು ಮನೆಯಲ್ಲಿ ಮೌನ. ಅನ್ನ ದೊರೆಯುತ್ತಿತ್ತು, ಆದರೆ ಉಂಡವನು ಋಣಿಯಾಗಿ ತಲೆತಗ್ಗಿಸಿ ಏಳಬೇಕಾಗುತ್ತಿತ್ತು. ಅದೇ 1917ರಲ್ಲಿ ಧಾರವಾಡದ ಮುರುಘಾಮಠದಲ್ಲಿ ಪೂಜ್ಯ ಶ್ರೀ ಮೃತ್ಯುಂಜಯ ಅಪ್ಪಗಳವರು ಉಚಿತ ಪ್ರಸಾದ ನಿಲಯವನ್ನು ಆರಂಭಿಸಿದರು.

‘ಬೋರ್ಡಿಂಗ್’ ಎನ್ನದೆ ‘ಪ್ರಸಾದ ನಿಲಯ’ ಎಂದುದರಲ್ಲಿಯೇ ವಿಚಾರವೆಲ್ಲ ಅಡಗಿದೆ. ಭಿಕ್ಷೆಗೆ ಕೊಡುವವನು ಮೇಲೆ, ಕೊಳ್ಳುವವನು ಕೆಳಗೆ, ಪ್ರಸಾದಕ್ಕೆ ಹಾಗಲ್ಲ. ರೈತನು ಬೆಳೆದ ಜೋಳವನ್ನು ಸಮಾಜವೆಂಬ ಜಂಗಮಕ್ಕೆ ಅರ್ಪಿಸಿದನೆಂದ ಮೇಲೆ ಅದು ರೈತನದೂ ಅಲ್ಲ, ಮಠದ್ದೂ ಅಲ್ಲ. ಉಣ್ಣುವ ಹುಡುಗನು ಯಾರ ಮನೆಯ ಋಣಿಯೂ ಅಲ್ಲ. ಮುಂದೆ ದುಡಿದು ಇನ್ನೊಬ್ಬನನ್ನು ಉಣಿಸಬೇಕಾದ ಹೊಣೆಗಾರ. ಅನ್ನವನ್ನು ದಾನದ ಕೈಯಿಂದ ಬಿಡಿಸಿ ದಾಸೋಹದ ಕೈಗೆ ಕೊಟ್ಟುದೇ ಪ್ರಸಾದ ನಿಲಯಗಳು ಮಾಡಿದ ದೊಡ್ಡ ಕಾರ್ಯ.

ಇಂಥ ನಿಲಯಗಳ ದಿನಚರಿ ಹಳೆಯ ವಿದ್ಯಾರ್ಥಿಗಳಿಗೆ ತಿಳಿದುದೇ ಆಗಿದೆ. ನಸುಕಿನಲ್ಲಿ ಏಳುವುದು, ತಣ್ಣೀರಿನ ಸ್ನಾನ, ಲಿಂಗಪೂಜೆ, ಸಾಮೂಹಿಕ ಪ್ರಾರ್ಥನೆ, ದೀಪದ ಸುತ್ತ ಕುಳಿತು ಓದು. ಸುಗ್ಗಿಯ ತರುವಾಯ ಹಳ್ಳಿಗಳಿಂದ ಚಕ್ಕಡಿಗಳಲ್ಲಿ ಜೋಳದ ಚೀಲಗಳು ಬರುತ್ತಿದ್ದವು; ಬೇಳೆ, ಬೆಲ್ಲ, ಶೇಂಗಾ, ಮೆಣಸಿನಕಾಯಿಗಳು ಬರುತ್ತಿದ್ದವು. ಬರ ಬಿದ್ದ ವರ್ಷ ಪಂಕ್ತಿಯ ರೊಟ್ಟಿ ತೆಳ್ಳಗಾಗುತ್ತಿತ್ತು, ಮಜ್ಜಿಗೆ ನೀರಾಗುತ್ತಿತ್ತು. ಊರಿನ ಕಷ್ಟ ಪುಸ್ತಕವಿಲ್ಲದೆ ಹುಡುಗರಿಗೆ ತಿಳಿಯುತ್ತಿತ್ತು. ಬಡಿಸುವ, ನೀರು ತರುವ, ಕಸ ಗುಡಿಸುವ ಪಾಳಿ ಹುಡುಗರದೇ. ಗೌಡರ ಮಗನೂ ಕೂಲಿಕಾರನ ಮಗನೂ ಒಂದೇ ಸಾಲಿನಲ್ಲಿ ಕುಳಿತು ಒಂದೇ ಸಾರನ್ನು ಉಣ್ಣಬೇಕು. ನಾಳೆ ಗೌಡರ ಮಗ ಬಡಿಸಬೇಕು. ತಾಟಿನಲ್ಲಿ ಅಗುಳು ಬಿಡಲಾಗದು. ಪ್ರಸಾದವೆಂದ ಮೇಲೆ ತಾಟು ತೊಳೆದ ನೀರನ್ನೂ ಕುಡಿಯುವ ಸಂಪ್ರದಾಯವುಂಟು. ಇಂದು ದೊಡ್ಡ ದೊಡ್ಡ ಶಾಲೆಗಳು ಆಹಾರದ ಪೋಲನ್ನು ತಡೆಯುವ ಬಗೆಗೆ ಭಿತ್ತಿಪತ್ರ ಬರೆಯಿಸುವ ಸ್ಪರ್ಧೆಗಳನ್ನು ಏರ್ಪಡಿಸುತ್ತವೆ. ಒಳ್ಳೆಯದೇ. ಆದರೆ ತೊಳೆದು ಕುಡಿದ ತಾಟು ಕಲಿಸುವುದನ್ನು ಬಹುಮಾನ ಪಡೆದ ಭಿತ್ತಿಪತ್ರ ಕಲಿಸಲಾರದು.

ಇಷ್ಟು ಹೇಳಿ ನಿಲ್ಲಿಸಿದರೆ ಅದು ಆತ್ಮಪ್ರಶಂಸೆಯಾದೀತು. ಸ್ಮರಣ ಸಂಚಿಕೆಗಳಲ್ಲಿ ಆತ್ಮಪ್ರಶಂಸೆಗೆ ಎಂದೂ ಕೊರತೆಯಾದುದಿಲ್ಲ! ಪ್ರಸಾದ ನಿಲಯದ ಪಂಕ್ತಿ ಎಷ್ಟು ಉದ್ದವಾಗಿತ್ತು, ಅದರ ಕೊನೆಯಲ್ಲಿ ಯಾರು ಕುಳಿತಿದ್ದರು, ಬಾಗಿಲ ಹೊರಗೆ ಯಾರು ಉಳಿದಿದ್ದರು ಎಂಬ ಪ್ರಶ್ನೆಯನ್ನೂ ಕೇಳಬೇಕು. ಆ ಕಾಲದ ವಸತಿ ನಿಲಯಗಳು ಬಹುಮಟ್ಟಿಗೆ ಒಂದೊಂದು ಸಮಾಜದವುಗಳಾಗಿದ್ದವು. ಕೊಲ್ಹಾಪುರದ ಶಾಹೂ ಮಹಾರಾಜರಂಥ ಸಮತಾವಾದಿಗಳು ಕೂಡ 1901ರಿಂದ ಮೊದಲುಗೊಂಡು ಮರಾಠರಿಗೆ, ಜೈನರಿಗೆ, ಮುಸಲ್ಮಾನರಿಗೆ, ಲಿಂಗಾಯತರಿಗೆ ಬೇರೆ ಬೇರೆ ನಿಲಯಗಳನ್ನೇ ತೆರೆಯಬೇಕಾಯಿತು. ಬೇರೆ ಜಾತಿಯ ಹುಡುಗನಿಗೆ ಊರಲ್ಲಿ ಕೋಣೆ ಸಿಗದ, ಒಂದೇ ಪಂಕ್ತಿಯಲ್ಲಿ ಉಂಡರೆ ಬಹಿಷ್ಕಾರ ಬೀಳುವ ಕಾಲದಲ್ಲಿ ಅದು ಅನಿವಾರ್ಯವಾದ ಮೊದಲ ಮೆಟ್ಟಿಲಾಗಿತ್ತು. ಮೊದಲ ಮೆಟ್ಟಿಲನ್ನೇ ಮನೆಯೆಂದು ಭಾವಿಸಿ ಅಲ್ಲಿಯೇ ಕುಳಿತುಬಿಟ್ಟುದು ಮಾತ್ರ ದೋಷ. ಈ ನಿಲಯಗಳಲ್ಲಿ ಬಹುತೇಕ ಎಲ್ಲರೂ ಗಂಡುಮಕ್ಕಳೇ ಎಂಬುದನ್ನೂ ಮರೆಯುವಂತಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ನೆನೆದರೆ ಈ ದೋಷ ಇನ್ನೂ ಎದ್ದು ಕಾಣುತ್ತದೆ. ಅನುಭವ ಮಂಟಪವು ಹುಟ್ಟಿನಿಂದ ಒಂದಾದವರ ಕೂಟವಾಗಿರಲಿಲ್ಲ. ಮೋಳಿಗೆಯ ಮಾರಯ್ಯನೂ ಅವನ ಸತಿ ಮಹಾದೇವಿಯೂ ಕಾಶ್ಮೀರದ ಅರಸೊತ್ತಿಗೆಯನ್ನು ಬಿಟ್ಟು ಬಂದು ಕಟ್ಟಿಗೆಯ ಕಾಯಕ ಮಾಡಿದರೆಂದು ಪರಂಪರೆ ಹೇಳುತ್ತದೆ. ಪುಲಿಗೆರೆಗೆ, ಎಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ಸೌರಾಷ್ಟ್ರದಿಂದ ವ್ಯಾಪಾರಕ್ಕೆಂದು ಬಂದ ಆದಯ್ಯನು ಶರಣನಾಗಿ ಇಲ್ಲಿಯೇ ನೆಲೆಸಿದನು. ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ನುಲಿಯ ಚಂದಯ್ಯ, ಅಂಬಿಗರ ಚೌಡಯ್ಯ ಎಂಬ ಹೆಸರುಗಳೇ ಅವರವರ ಹಿನ್ನೆಲೆಯನ್ನು ಸಾರುತ್ತವೆ. ಹಾಗೆ ನೋಡಿದರೆ ಜಿನೇವಾದ ಶಾಲೆಗೆ ಕಲ್ಯಾಣದ ಮಂಟಪವು ಹತ್ತಿರದ್ದು, ಜಾತಿಗೊಂದು ಬೋರ್ಡಿಂಗು ದೂರದ್ದು. ಅಲ್ಲಿಯ ಮೌಲ್ಯಕ್ಕೆ ತೆತ್ತ ಬೆಲೆಯೂ ಎಲ್ಲರಿಗೂ ತಿಳಿದುದೇ: ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಕುಲದಿಂದ ಬಂದ ಮಧುವರಸನ ಮಗಳಿಗೂ ಆದ ಮದುವೆಗಾಗಿ ಆ ಹಿರಿಯರು ಎಳೆಹೂಟೆಯ ಶಿಕ್ಷೆಗೆ ಗುರಿಯಾದರು.

ಆ ಬೆಲೆಯನ್ನು ಅರಿತು ನಡೆದವರು ಈ ಭಾಗದಲ್ಲಿ ಇಲ್ಲದಿಲ್ಲ. 1930ರ ದಶಕದಲ್ಲಿ ಸರದಾರ ವೀರನಗೌಡ ಪಾಟೀಲರೂ ಅವರ ಪತ್ನಿ ನಾಗಮ್ಮ ತಾಯಿಯವರೂ ಹುಬ್ಬಳ್ಳಿಯಲ್ಲಿ ಹರಿಜನ ಬಾಲಿಕಾಶ್ರಮವನ್ನು ತೆರೆದರು. ಗಾಂಧೀಜಿಯವರ ಕರೆಗೆ ಕೈಯೆತ್ತಿದವರು ಅನೇಕರು. ಆ ಹೆಣ್ಣುಮಕ್ಕಳನ್ನು ಸ್ವಂತ ಮಕ್ಕಳಂತೆ ಸಾಕಿ, ಓದಿಸಿದವರು ಕೆಲವರೇ. ಮುಂದೆ ಮಹಿಳಾ ವಿದ್ಯಾಪೀಠವಾಗಿ ಬೆಳೆದ ಆ ಸಂಸ್ಥೆಯ ಆರಂಭದ ದಿನಗಳಲ್ಲಿ ಆ ದಂಪತಿಗಳು ಊರವರಿಂದ, ನಂಟರಿಂದ ಕೇಳಿರಬಹುದಾದ ಮಾತುಗಳನ್ನು ಊಹಿಸಿಕೊಳ್ಳಬಹುದು. ಹೆಣ್ಣುಮಕ್ಕಳು, ಅದರಲ್ಲಿಯೂ ಅಸ್ಪೃಶ್ಯರೆನಿಸಿಕೊಂಡವರ ಹೆಣ್ಣುಮಕ್ಕಳು! ಪ್ರಸಾದ ನಿಲಯಗಳ ಪಂಕ್ತಿಯಲ್ಲಿ ಇಲ್ಲದೆ ಹೋದವರನ್ನೇ ಹುಡುಕಿ ಕೂರಿಸಿದ ಸಾಹಸವಿದು.

ಹುಬ್ಬಳ್ಳಿಗೆ ಸಮೀಪದ ಗದುಗಿನ ವೀರೇಶ್ವರ ಪುಣ್ಯಾಶ್ರಮವು ಇನ್ನೊಂದು ನಿದರ್ಶನ. ಹಾನಗಲ್ಲ ಕುಮಾರ ಶಿವಯೋಗಿಗಳವರ ಕೃಪೆಯಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳವರೂ (1892–1944) ಅವರ ಶಿಷ್ಯರಾದ ಪುಟ್ಟರಾಜ ಗವಾಯಿಗಳವರೂ (1914–2010) ಸ್ವತಃ ಅಂಧರು. ಅಂಧ ಅನಾಥ ಮಕ್ಕಳನ್ನು ಕೂಡಿಸಿ ಅವರಿಗೆ ಅನ್ನವನ್ನೂ ಸಂಗೀತವನ್ನೂ ಉಣಿಸಿದರು. ಆಶ್ರಮದ ಖರ್ಚು ತೂಗಿಸಲು ನಾಟಕ ಕಂಪನಿ ಕಟ್ಟಿಕೊಂಡು ಊರೂರು ತಿರುಗಿದರು. ಅಲ್ಲಿ ಸೇರಿದ ಮಗುವಿಗೆ ಜಾತಿ ಪ್ರವೇಶಪತ್ರವಾಗಿರಲಿಲ್ಲ. ಅದರ ಅಗತ್ಯವೇ ಪ್ರವೇಶಪತ್ರ. ತುಮಕೂರಿನ ಸಿದ್ಧಗಂಗೆಯ ಬಗೆಗೆ ಹೆಚ್ಚು ಹೇಳಬೇಕಾದುದಿಲ್ಲ. 2019ರ ಜನವರಿ 21ರಂದು ಲಿಂಗೈಕ್ಯರಾದ ಡಾ. ಶ್ರೀ ಶಿವಕುಮಾರ ಸ್ವಾಮಿಗಳವರ ಕಾಲದಲ್ಲಿ ಎಲ್ಲ ಜಾತಿ ಮತಗಳ ಸಾವಿರಾರು ಮಕ್ಕಳು ಒಂದೇ ಒಲೆಯ ಅನ್ನವನ್ನು ಉಂಡು, ಒಂದೇ ಬಯಲಿನಲ್ಲಿ ಪ್ರಾರ್ಥನೆಗೆ ಕುಳಿತರು. ಕರ್ನಾಟಕ ಸರಕಾರವು ಶಾಲಾ ಮಕ್ಕಳ ಮಧ್ಯಾಹ್ನದ ಊಟದ ಯೋಜನೆಯನ್ನು 2002ರಲ್ಲಿ ರಾಜ್ಯದ ಈಶಾನ್ಯ ಭಾಗದ ಜಿಲ್ಲೆಗಳಲ್ಲಿ ಆರಂಭಿಸಿದಾಗ ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟುದು ಈ ಪರಂಪರೆಗೆ ಸಂದ ಮನ್ನಣೆಯೇ ಆಗಿದೆ.

ಭಾಷೆಯ ವಿಷಯದಲ್ಲಿಯೂ ಒಂದು ಮಾತು ಹೇಳಲೇಬೇಕು, ಏಕೆಂದರೆ ಸಮುದಾಯವು ಉಸಿರಾಡುವುದು ಭಾಷೆಯಲ್ಲಿ. ಧಾರವಾಡ ಭಾಗದ ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ಡೆಪ್ಯುಟಿ ಚನ್ನಬಸಪ್ಪನವರು (1834–1881) ಕನ್ನಡ ಶಾಲೆಗಳಿಗಾಗಿ ತಮ್ಮ ಆಯುಷ್ಯವನ್ನೇ ಸವೆಸಿದರು. ಶಿಕ್ಷಣಾಧಿಕಾರಿಯಾಗಿದ್ದ ರಸೆಲ್ ಎಂಬ ಆಂಗ್ಲ ಗೃಹಸ್ಥರು ಕನ್ನಡಕ್ಕೆ ಬೆಂಬಲವಾಗಿ ನಿಂತರು. ಬಾಸೆಲ್ ಮಿಶನ್ನಿನ ಪಾದ್ರಿಗಳು ಧಾರವಾಡ ಹುಬ್ಬಳ್ಳಿಗಳಲ್ಲಿ ಶಾಲೆ ತೆರೆದಾಗ ತಾವೇ ಮೊದಲು ಕನ್ನಡ ಕಲಿತರು. ಅವರಲ್ಲೊಬ್ಬರಾದ ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಹೊರಬಂತು. ನಿಜವಾದ ಅಂತಾರಾಷ್ಟ್ರೀಯತೆ ಈ ನೆಲಕ್ಕೆ ಕಾಲಿಟ್ಟಾಗ ಮೊದಲು ಮಾಡಿದ ಕೆಲಸ ಇಲ್ಲಿಯ ಭಾಷೆಯನ್ನು ಕಲಿತುದು. ಜಿನೇವಾದ ಪರೀಕ್ಷಾ ವ್ಯವಸ್ಥೆಯೂ, ಶಾಲೆಯಲ್ಲಿ ಕಲಿಸುವವರಿಲ್ಲದಿದ್ದರೂ ವಿದ್ಯಾರ್ಥಿಯು ತನ್ನ ಮಾತೃಭಾಷೆಯ ಸಾಹಿತ್ಯವನ್ನು ಸ್ವಂತ ಪರಿಶ್ರಮದಿಂದ ಓದಿ ಪರೀಕ್ಷೆಗೆ ಕೂಡುವ ದಾರಿಯನ್ನು ತೆರೆದಿಟ್ಟಿದೆ. ಹೀಗಿರಲು, ಆವರಣದೊಳಗೆ ಕನ್ನಡ ನುಡಿದ ಮಗುವಿಗೆ ದಂಡ ವಿಧಿಸುವ ಶಾಲೆ ಯಾವ ಅರ್ಥದಲ್ಲಿ ಅಂತಾರಾಷ್ಟ್ರೀಯ? ಇಂಗ್ಲಿಷನ್ನು ಚೆನ್ನಾಗಿ ಕಲಿಸಬೇಕೆಂಬುದರಲ್ಲಿ ಎರಡು ಮಾತಿಲ್ಲ. ಹಳ್ಳಿಯ ಮಗುವಿಗೆ ಅದು ಅತ್ಯಗತ್ಯ. ಆದರೆ ಮಗುವನ್ನು ಅದರ ಅಜ್ಜಿಯಿಂದ ಅಗಲಿಸುವ ಇಂಗ್ಲಿಷ್ ಬೇರೆ, ಅಜ್ಜಿಯ ಮಾತನ್ನು ಜಗತ್ತಿಗೆ ಹೇಳಬಲ್ಲ ಇಂಗ್ಲಿಷ್ ಬೇರೆ.

ಇನ್ನು ಇಂದಿನ ಪರಿಸ್ಥಿತಿ. 1917ರಲ್ಲಿ ಎದುರಿದ್ದ ಸಮಸ್ಯೆ ಹಸಿವು. ಇಂದು ಸರಕಾರಿ ಮತ್ತು ಅನುದಾನಿತ ಶಾಲೆಯ ಮಗುವಿಗೆ ಮಧ್ಯಾಹ್ನದ ಊಟ ದೊರೆಯುತ್ತದೆ. ವಿದ್ಯಾರ್ಥಿ ನಿಲಯಗಳನ್ನು ಸರಕಾರವೂ ನಡೆಸುತ್ತದೆ. ಹೊಸ ಸಮಸ್ಯೆ ಹಸಿವಲ್ಲ, ಅಗಲಿಕೆ. ಉಳ್ಳವರ ಮಕ್ಕಳು ಉಳ್ಳವರ ಮಕ್ಕಳೊಡನೆ, ಇಲ್ಲದವರ ಮಕ್ಕಳು ಇಲ್ಲದವರ ಮಕ್ಕಳೊಡನೆ ಓದುವಂತಾಗಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯು ಖಾಸಗಿ ಶಾಲೆಗಳ ಪ್ರವೇಶ ತರಗತಿಯಲ್ಲಿ ಶೇಕಡಾ 25ರಷ್ಟು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿರಿಸಿ ಈ ಅಗಲಿಕೆಯನ್ನು ತಡೆಯಲೆತ್ನಿಸಿತು. ಆದರೆ 2019ರಲ್ಲಿ ಕರ್ನಾಟಕದಲ್ಲಿ ನಿಯಮ ಬದಲಾಗಿ, ಸಮೀಪದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದೆಡೆ 25ರ ಈ ಪ್ರವೇಶಕ್ಕೆ ಅವಕಾಶ ತಪ್ಪಿ, ಅಂಥ ಮಕ್ಕಳ ಸಂಖ್ಯೆ ಬಹಳವಾಗಿ ಕುಗ್ಗಿತು. ಕಾಯಿದೆ ಬಿಟ್ಟುಕೊಟ್ಟುದನ್ನು ಧರ್ಮವೂ ಬಿಟ್ಟುಕೊಡಬೇಕೆಂದೇನೂ ಇಲ್ಲ.

ಈ ಅಗಲಿಕೆಯು ಮಠದ ಆವರಣದೊಳಕ್ಕೂ ಬಂದಿದೆಯೆಂಬುದೇ ಚಿಂತೆಯ ವಿಷಯ. ಒಂದೇ ಸಂಸ್ಥೆಯ ಆಶ್ರಯದಲ್ಲಿ ಒಂದು ಕಡೆ ಹಳೆಯ ಕನ್ನಡ ಮಾಧ್ಯಮದ ಅನುದಾನಿತ ಶಾಲೆ, ಇನ್ನೊಂದು ಕಡೆ ಹೆಚ್ಚಿನ ಶುಲ್ಕದ ಇಂಗ್ಲಿಷ್ ಶಾಲೆ ಇರುವುದನ್ನು ನಾಡಿನ ಹಲವೆಡೆ ಕಾಣಬಹುದು. ಎರಡಕ್ಕೂ ಒಬ್ಬರೇ ಪೂಜ್ಯರು ಅಧ್ಯಕ್ಷರು, ಎರಡರ ಗೋಡೆಯ ಮೇಲೂ ಬಸವಣ್ಣನವರ ಭಾವಚಿತ್ರ. ಆದರೆ ಎರಡು ಶಾಲೆಗಳ ಮಕ್ಕಳು ಒಂದು ದಿನವೂ ಒಂದೇ ಪಂಕ್ತಿಯಲ್ಲಿ ಕುಳಿತು ಉಣ್ಣುವುದಿಲ್ಲ. ಬಸ್ಸು ಬೇರೆ, ಸಮವಸ್ತ್ರ ಬೇರೆ, ಗೇಟು ಕೂಡ ಬೇರೆ. ಶುಲ್ಕ ಕೊಡುವ ಶಾಲೆಯ ಉಳಿತಾಯದಿಂದಲೇ ಕೊಡದ ಶಾಲೆ ನಡೆಯಬೇಕಾಗಿದೆಯೆಂದು ಆಡಳಿತ ಮಂಡಳಿಗಳು ಹೇಳುವುದರಲ್ಲಿ ಸತ್ಯಾಂಶವಿಲ್ಲದಿಲ್ಲ. ಅನುದಾನ ಸಕಾಲಕ್ಕೆ ಬರುವುದಿಲ್ಲ, ನಿವೃತ್ತರಾದ ಶಿಕ್ಷಕರ ಸ್ಥಾನಗಳು ವರ್ಷಗಟ್ಟಲೆ ತುಂಬುವುದಿಲ್ಲ, ಜೋಳದ ಚೀಲಗಳೂ ಮೊದಲಿನಂತೆ ಬರುವುದಿಲ್ಲ. ಇದನ್ನರಿಯದೆ ಟೀಕಿಸುವುದು ಸುಲಭ. ಆದರೂ ಹಣದ ಕೊರತೆಯಿಂದ ಎರಡು ಶಾಲೆಗಳಾಗಬಹುದು, ಎರಡು ಪಂಕ್ತಿಗಳಾಗಬೇಕಾದುದಿಲ್ಲ. ವಾರಕ್ಕೊಮ್ಮೆಯಾದರೂ ಎರಡೂ ಶಾಲೆಗಳ ಮಕ್ಕಳು ಕೂಡಿ ಉಣ್ಣಲು, ಪಾಳಿಯ ಮೇಲೆ ಒಬ್ಬರಿಗೊಬ್ಬರು ಬಡಿಸಲು, ಶಿಕ್ಷಕರು ಅದೇ ಸಾಲಿನಲ್ಲಿ ಕೂಡಲು ಯಾವ ಅನುದಾನವೂ ಬೇಕಿಲ್ಲ. ಆರಂಭದಲ್ಲಿ ಕೆಲ ಪಾಲಕರು ಗೊಣಗಿಯಾರು. ಆ ಗೊಣಗಾಟವೇ ಹಿಂದೆ ಹೇಳಿದ ಬೆಲೆಯ ಮೊದಲ ಕಂತು.

ದಾನಿಗಳ ವಿಷಯದಲ್ಲಿಯೂ ಇದೇ ದೃಷ್ಟಿ ಬೇಕು. ಬೆಂಗಳೂರು, ದುಬೈ, ಅಮೇರಿಕೆಗಳಲ್ಲಿ ನೆಲೆಸಿರುವ ಹಳೆಯ ವಿದ್ಯಾರ್ಥಿಗಳು ತಮ್ಮ ಶಾಲೆಗೆ ಧಾರಾಳವಾಗಿ ಕೊಡುತ್ತಾರೆ, ಅದು ಶ್ಲಾಘನೀಯ. ಕೊಟ್ಟುದರಲ್ಲಿ ಹೆಚ್ಚಿನದು ಕೋಣೆಗಳಾಗಿ, ಕಮಾನುಗಳಾಗಿ, ಶಿಲಾಫಲಕಗಳಾಗಿ ನಿಲ್ಲುತ್ತದೆ. ಜೋಳದ ಚೀಲದ ಮೇಲೆ ಮಾತ್ರ ಯಾವ ರೈತನೂ ತನ್ನ ಹೆಸರನ್ನು ಕೆತ್ತಿಸಿರಲಿಲ್ಲ. ಶುಲ್ಕದ ಶಾಲೆಯಲ್ಲಿ ಶುಲ್ಕವಿಲ್ಲದೆ ಓದುವ ಮಗುವಿನ ಸ್ಥಾನವೊಂದನ್ನು ಹತ್ತು ವರ್ಷಗಳ ಕಾಲ ಹೊರುವ ದಾನಿ ದೊರೆತರೆ, ಆ ಮಗು ಯಾರೆಂಬುದು ಸಹಪಾಠಿಗಳಿಗೆ ತಿಳಿಯದಂತೆ ಕಚೇರಿಯು ನಡೆದುಕೊಂಡರೆ, ಪ್ರಸಾದ ನಿಲಯದ ಧರ್ಮ ಹೊಸ ರೂಪದಲ್ಲಿ ಮುಂದುವರಿದಂತಾಯಿತು. ಇದಕ್ಕೆ ಶಿಕ್ಷಕರ ಸಹಕಾರ ಮುಖ್ಯ. ಮಗುವಿನ ಹೆಸರನ್ನು ಪ್ರಾರ್ಥನಾ ಸಭೆಯಲ್ಲಿ ಕೂಗಿ ನೆರವಿನ ಚೆಕ್ಕು ಕೊಡಿಸುವ ಈಗಿನ ಪದ್ಧತಿ ವಾರಾನ್ನದ ಮನೆಯ ಹೊಸ್ತಿಲನ್ನೇ ಮತ್ತೆ ತಂದಿಡುತ್ತದೆ.

ವಾರ್ಷಿಕ ವರದಿಗಳಲ್ಲಿ ಪರೀಕ್ಷಾ ಫಲಿತಾಂಶದ ಶೇಕಡಾವಾರು, ಉನ್ನತ ಶ್ರೇಣಿ ಪಡೆದವರ ಭಾವಚಿತ್ರ, ಹೊಸ ಕಟ್ಟಡದ ಚದರ ಅಡಿಗಳು ಅಚ್ಚಾಗುತ್ತವೆ. ಅದೇ ಪುಟದಲ್ಲಿ ಇನ್ನು ಮೂರು ಅಂಕಿಗಳಿಗೂ ಸ್ಥಳ ಮಾಡಬಹುದು: ಈ ವರ್ಷ ಶುಲ್ಕವಿಲ್ಲದೆ ಓದಿದ ಮಕ್ಕಳೆಷ್ಟು, ಶಾಲೆಗೆ ಈ ವರ್ಷ ಮೊದಲ ಬಾರಿಗೆ ಮಗುವನ್ನು ಕಳಿಸಿದ ಸಮಾಜಗಳು ಎಷ್ಟು, ಮಕ್ಕಳ ಪಂಕ್ತಿಯಲ್ಲಿ ಶಿಕ್ಷಕರೂ ಆಡಳಿತ ಮಂಡಳಿಯ ಸದಸ್ಯರೂ ಕುಳಿತು ಉಂಡ ದಿನಗಳೆಷ್ಟು.